ಕುಲುಕಿದರಷ್ಟೇ ಕರೆಯುವ ಕಾರು

ನನ್ನ ಗಂಡ ತನ್ನ ಒಡಹುಟ್ಟಿದ ತಮ್ಮನನ್ನು ಕೊಲ್ಲಲು ಕೈ ಎತ್ತಿದ ದಿನ ನಾವು ಭೂಮಿತಾಯಿಗೆ ಉಣಿಸಲು ಹೊರಟಿದ್ದೆವು. ಅವತ್ತು ಎಳ್ಳಮವಾಸ್ಯೆ. ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ರೇವವ್ವ, ಅವರ ತೊಡೆಯ ಮೇಲೆ ಚರಗದ ಬುಟ್ಟಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಮೊಸರನ್ನ ಎಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲಿ, ನಿಂತ ಪೈರಿಗೆ ಕೈಮುಗಿದು, ಬದುವಿನ ಮೇಲೆ ಕೂತು ಉಂಡು ಬರುವುದು ನಮ್ಮ ಕಡೆಯ ಪದ್ಧತಿ. ಹೊಲ ಇಬ್ಬರು ಮಕ್ಕಳಿಗೆ ಪಾಲಾಗಿ ಎರಡಾದರೂ ಬುಟ್ಟಿ ಒಂದೇ ಇರಬೇಕು, ಎರಡೂ ಹೊಲಕ್ಕೆ ತಾನೇ ಚೆಲ್ಲಬೇಕು ಎಂಬುದು ಅತ್ತೆಯ ಹಟ. ಆ ಹಟಕ್ಕಾಗಿಯೇ ಅವತ್ತು ನಾವು ಪ್ರಭುವಿನ ಹೊಲದ ಕಡೆಗೆ ಹೊರಟದ್ದು.

ಪ್ರಭು ನನ್ನ ಮೈದುನ. ನಾನು ಮದುವೆಯಾಗಿ ಯರಗುಪ್ಪಿಗೆ ಬಂದಾಗ ಅವನಿನ್ನೂ ಕಾಲೇಜಿಗೆ ಹೋಗುತ್ತಿದ್ದ. ನಾನು ಸಂಶಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬಸ್ಸು ತಪ್ಪಿದ ದಿನ ನನ್ನನ್ನು ಬೈಕಿನಲ್ಲಿ ಬಿಟ್ಟುಬರುತ್ತಿದ್ದವನು ಅವನೇ. ಗಂಡ ನನ್ನ ಮೇಲೆ ಕೈ ಮಾಡಿದಾಗ ನಡುವೆ ಬಂದು ಏಟು ತಿನ್ನುತ್ತಿದ್ದವನೂ ಅವನೇ. ಊರಲ್ಲಿ ನನ್ನ ಬಾಯಿ ಜೋರು ಎಂದು ಹೆಸರಾಗಿದೆ. ಆಗಲಿ. ಆ ಮನೆಯಲ್ಲಿ ನನ್ನ ಬಾಯಿ ಮುಚ್ಚದೆ ಉಳಿದದ್ದು ಪ್ರಭು ಇದ್ದನೆಂದು.

ಇನ್ನು ಕಾರಿನ ಮಾತು. ಅದು ಹಡಗಿನಲ್ಲಿ ಬಂದದ್ದು. ಹತ್ತಿ ವ್ಯಾಪಾರ ಕೈಹಿಡಿದ ಮೇಲೆ ನನ್ನ ಗಂಡನಿಗೆ ಇಲ್ಲಿ ತಯಾರಾದ ಯಾವ ಗಾಡಿಯೂ ಕಣ್ಣಿಗೆ ಹಿಡಿಸದಂತಾಗಿತ್ತು. ಬಾನೆಟ್ಟಿಗೆ ವಿಭೂತಿ ಬಳಿದ, ಮುಂದೆ ನಿಂಬೆಹಣ್ಣು ಕಟ್ಟಿದ, ಊರಿನವರು ‘ಫಾರಿನ್ ಗಾಡಿ’ ಎಂದಾಗಲೆಲ್ಲ ಎದೆ ಉಬ್ಬಿಸಿದ. ಒಳಗೆ ಕನ್ನಡಿಯ ಮೇಲೆ ಒಂದು ಕೆಂಪು ಬಟನ್ ಇತ್ತು. ಅಪಘಾತವಾದರೆ ಕಾರು ತಾನೇ ಸಹಾಯಕ್ಕೆ ಫೋನ್ ಮಾಡುತ್ತದೆ, ಬಟನ್ ಒತ್ತಿದರೂ ಮಾಡುತ್ತದೆ, ಎಲ್ಲಿದ್ದೇವೆ ಎಂಬುದನ್ನೂ ತಿಳಿಸುತ್ತದೆ ಎಂದು ಮಾರಿದವರು ಹೇಳಿ ಕಳಿಸಿದ್ದರು. ನಮ್ಮ ಕಾರಿನ ಬುದ್ಧಿ ಮಾತ್ರ ಉಲ್ಟಾ ಇತ್ತು. ಬಟನ್ ಎಷ್ಟು ಒತ್ತಿದರೂ ಮಿಸುಕುತ್ತಿರಲಿಲ್ಲ. ಕುಂದಗೋಳದ ರಸ್ತೆಯಲ್ಲಿ ಗಾಲಿ ಜೋರಾಗಿ ತಗ್ಗಿಗೆ ಬಿದ್ದರೆ ಸಾಕು, ತಾನಾಗಿ ಫೋನ್ ಹಚ್ಚುತ್ತಿತ್ತು.

ಮೊದಮೊದಲು ಹಿಂದಿಯಲ್ಲಿ ಯಾರೋ ಕೇಳುತ್ತಿದ್ದರು. ಈ ಗಾಡಿಯಿಂದ ಪದೇ ಪದೇ ಕರೆ ಬರುವುದನ್ನು ಕಂಡು ಆಮೇಲೆ ಬೆಂಗಳೂರಿನ ಕನ್ನಡ ಮಾತಾಡುವ ಹುಡುಗಿಯೊಬ್ಬಳನ್ನು ಜೋಡಿಸತೊಡಗಿದರು. ಎಲ್ಲರೂ ಚೆನ್ನಾಗಿದ್ದೀರಾ ಎಂದು ಅವಳು ಕೇಳುವುದು, ಆರಾಮ ಇದ್ದೇವೆ ಎಂದು ನಮ್ಮತ್ತೆ ಹೇಳಿ, ನಿನ್ನ ಊಟ ಆಯಿತೇನವ್ವಾ ಎಂದು ತಿರುಗಿ ಕೇಳುವುದು, ಇದೊಂದು ನಿತ್ಯದ ಆಟವಾಯಿತು. ನಮ್ಮ ಸೀಮೆಯಲ್ಲಿ ಆರಾಮ ಏನ್ರಿ ಎಂದರೆ ಜ್ವರದಲ್ಲಿ ಮಲಗಿದವರೂ ಆರಾಮ ಎನ್ನುತ್ತಾರೆ. ಕಂಪನಿಯವರು ಫೋನ್ ಮಾಡಿ, ಆ ಮಾದರಿಯ ಎಲ್ಲ ಕಾರುಗಳಲ್ಲೂ ದೋಷವಿದೆ, ಅದನ್ನು ನೆಚ್ಚಿಕೊಳ್ಳಬೇಡಿ, ಲಾರಿ ಕಳಿಸಿ ಒಯ್ದು ಸರಿಮಾಡಿ ಕೊಡುತ್ತೇವೆ ಎಂದರು. ನನ್ನ ಗಂಡ ಒಪ್ಪಲಿಲ್ಲ. ಊರೆಲ್ಲ ನೋಡುತ್ತ ಬಂದ ಗಾಡಿ ಊರೆಲ್ಲ ನೋಡುವಾಗ ಲಾರಿಯ ಮೇಲೆ ಹೋದರೆ ತನ್ನ ಮುಖಕ್ಕೆ ಮಸಿ ಎಂದ. ಒಂದು ಗಾಡಿಗಾಗಿ ಇಷ್ಟು ಮರ್ಯಾದೆ, ಮನೆಯ ಮಂದಿಗೆ ಅದರ ಕಾಲುಪಾಲೂ ಇರಲಿಲ್ಲ.

ಇದೇ ಗಾಡಿಗಾಗಿ ಅವನು ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಅಗಲ ಮಾಡಿಸಿದ್ದ. ಅಗಲವಾದದ್ದು ತಮ್ಮನ ಹೊಲದೊಳಗೆ. ಬದು ಒಡೆದು, ಹೂವು ಬಿಟ್ಟಿದ್ದ ಕಡಲೆಯ ಸಾಲುಗಳ ಮೇಲೆ ಗರಸು ಮಣ್ಣು ಸುರಿದ. ಪ್ರಭು ಕೇಳಲು ಬಂದಾಗ ಅಂಗಳದಲ್ಲೇ ಅವನ ಅಂಗಿ ಹರಿದು ಕಳಿಸಿದ. ಪ್ರಭುವೂ ಸುಮ್ಮನೆ ಕೂರುವ ಪೈಕಿ ಅಲ್ಲ. ಅಮವಾಸ್ಯೆಯ ಹಿಂದಿನ ದಿನ ಜೆಸಿಬಿ ತರಿಸಿ, ತನ್ನ ಹೊಲದ ಭಾಗದಲ್ಲಿ ದಾರಿಗೆ ಅಡ್ಡಲಾಗಿ ಒಂದು ಕಂದಕ ಹೊಡೆಸಿದ. ನಮಗದು ಗೊತ್ತಿರಲಿಲ್ಲ.

ಗಂಡ ಬೆಳಗೆಲ್ಲ ಕಾರು ತೊಳೆಯುತ್ತ ಕೂತಿದ್ದರಿಂದ ನಾವು ಹೊಲ ಮುಟ್ಟುವ ಹೊತ್ತಿಗೆ ಸುತ್ತಮುತ್ತಲಿನವರು ಚರಗ ಚೆಲ್ಲಿ, ಉಂಡು, ಮನೆಗೆ ಹೋಗಿಬಿಟ್ಟಿದ್ದರು. ಎರಡೂ ಬದಿಗೆ ಆಳೆತ್ತರದ ಜೋಳ. ತಿರುವು ದಾಟಿದ್ದೇ ಕಾರಿನ ಮೂತಿ ಧಡ್ ಎಂದು ಕೆಳಗಿಳಿಯಿತು. ಅತ್ತೆಯ ಬುಟ್ಟಿ ನನ್ನ ಹೆಗಲ ಮೇಲಿಂದ ಹಾರಿ ಗಾಜಿಗೆ ಬಡಿದು ಮೊಸರನ್ನ ಎಲ್ಲ ಕಡೆ ಸಿಡಿಯಿತು. ಕಂದಕದ ಆಚೆ ಕಡಲೆಹೊಲದಲ್ಲಿ ಪ್ರಭು ನಿಂತಿದ್ದ, ಕೈಯಲ್ಲಿ ಮೊಬೈಲು. ನಗುತ್ತ ವಿಡಿಯೋ ಮಾಡುತ್ತಿದ್ದ.

“ಈಗ ಹಾರಸೋ ಅಣ್ಣಾ,” ಎಂದ. “ಫಾರಿನ್ ಗಾಡಿ ಅಲ್ಲೇನು.”

ನನ್ನ ಗಂಡ ಇಳಿದ. ಒಂದೇ ಏಟಿಗೆ ಮೊಬೈಲು ಹಾರಿ ಪಕ್ಕದ ಹಳ್ಳಕ್ಕೆ ಬಿತ್ತು. ಎರಡನೆಯದು ಪ್ರಭುವಿನ ಬಾಯಿಯ ಮೇಲೆ. ಪ್ರಭು ಬಿದ್ದವನು ಎದ್ದು, ಮಣ್ಣು ಸರಿಮಾಡಲು ತಂದಿದ್ದ ಸಲಿಕೆ ಎತ್ತಿಕೊಂಡ. ಅಣ್ಣನಿಗೆ ಹೊಡೆಯಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕಾರಿಗೆ ಹೊಡೆದ. ಹೆಡ್‌ಲೈಟು ಒಡೆಯಿತು, ಬಾನೆಟ್ಟಿನ ಮೇಲೆ ಉದ್ದಕ್ಕೆ ಗೀರು ಎದ್ದಿತು. ಅವನು ಅಲ್ಲಿಗೆ ನಿಲ್ಲಿಸಿ ಸಲಿಕೆ ಕೆಳಗೆ ಬಿಸಾಕಿದ.

ನನ್ನ ಗಂಡ ಅವಸರ ಮಾಡಲಿಲ್ಲ. ನನ್ನನ್ನು ಹೆದರಿಸಿದ್ದು ಅದೇ. ಡಿಕ್ಕಿ ತೆಗೆದ, ಜಾಕಿನ ರಾಡು ಹುಡುಕಿದ, ಕೈಯಲ್ಲಿ ತೂಗಿ ನೋಡಿದ, ಹೋಗಿ ತಮ್ಮನ ಮೊಣಕಾಲಿಗೆ ಬಾರಿಸಿದ. ಕಾಲು ಹಿಂದಕ್ಕೆ ಮಡಚಬೇಕಾದದ್ದು ಪಕ್ಕಕ್ಕೆ ಮಡಚಿತು. ಪ್ರಭು ಕೂಗಲಿಲ್ಲ, ಗಾಳಿ ಒಳಗೆಳೆದುಕೊಂಡಂಥ ಒಂದು ಸದ್ದು ಮಾಡಿ ಕಡಲೆಯ ಮೇಲೆ ಬಿದ್ದ. ಮುಂದಿನ ಏಟು ಬೆನ್ನಿಗೆ. ಆಮೇಲೆ ಅಡ್ಡ ಹಿಡಿದ ಮುಂಗೈಗೆ. ನಾನು ಓಡಿಹೋಗಿ ಗಂಡನ ತೋಳಿಗೆ ಜೋತುಬಿದ್ದೆ. ಕೊಡವಿದ ರಭಸಕ್ಕೆ ದೂರ ಹೋಗಿ ಬಿದ್ದೆ. ಬಿದ್ದಲ್ಲಿಂದಲೇ ಮೊಬೈಲು ತೆಗೆದು ಪೊಲೀಸರ ನಂಬರು ಒತ್ತುತ್ತಿದ್ದೆ, ಅವನು ಬಂದು ನನ್ನ ಬೆರಳುಗಳ ಸಮೇತ ಅದನ್ನು ಬೂಟಿನಡಿ ತುಳಿದ. ಎರಡು ಬೆರಳು ಮುರಿದವು. ಮೊಬೈಲು ಪುಡಿಯಾಯಿತು.

“ಇವತ್ತ ಇವನ್ನ ಮುಗಿಸೇ ಮುಗಿಸ್ತೇನಿ,” ಎಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆ ಮುಖವನ್ನು ನಾನು ಮನೆಯೊಳಗೆ ಅರ್ಧದ ಮಟ್ಟಿಗೆ ಎಷ್ಟೋ ಸಲ ನೋಡಿದ್ದೆ, ಪೂರ್ತಿ ನೋಡಿದ್ದು ಅವತ್ತು.

ಆಗ ತೆರೆದ ಬಾಗಿಲಿನಿಂದ ಹುಡುಗಿಯ ದನಿ ಕೇಳಿಸಿತು. ಕಂದಕಕ್ಕೆ ಇಳಿದ ಕುಲುಕಾಟಕ್ಕೆ ಕಾರು ಹಚ್ಚಿದ್ದ ಫೋನ್ ಈಗ ಸಿಕ್ಕಿತ್ತು. ಎಲ್ಲರೂ ಚೆನ್ನಾಗಿದ್ದೀರಾ, ಸಹಾಯ ಬೇಕಾ ಎಂದು ಅವಳು ಎಂದಿನಂತೆ ಕೇಳುತ್ತಿದ್ದಳು. ನಾನು ಎದ್ದು ಓಡಿದೆ. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದರು. ಅವರ ಎದುರಿಗೆ, ಗಾಜಿನ ಆಚೆ, ಹಿರಿಮಗ ಕಿರಿಮಗನ ತಲೆಗೆ ಬಡಿಯುತ್ತಿದ್ದ.

“ಆರಾಮ ಅದೀವಿ ಯವ್ವಾ,” ಎಂದರು ಅತ್ತೆ. “ಏನೂ ಆಗಿಲ್ಲ. ನೀ ಇಡು.”

ನಾನು ಬಾಗಿಲು ಮುಟ್ಟುವಷ್ಟರಲ್ಲಿ ಕರೆ ಕಟ್ಟಾಗಿತ್ತು. ರೂಢಿಯಿಂದ ಬಾಯಿ ಜಾರಿತೇನೋ ಎಂದು ಅವರ ಮುಖ ನೋಡಿದೆ. ರೂಢಿಯಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿ ಮಾತ್ರ ಬಿಗಿಯಾಗಿತ್ತು. ಕೆಂಪು ಬಟನ್ ಒತ್ತಿದೆ, ಗುದ್ದಿದೆ. ಅದು ಎಂದಿನಂತೆ ಸತ್ತೇ ಇತ್ತು. ನಿಮ್ಮ ಮಗ ಸಾಯುತ್ತಿದ್ದಾನೆ, ಕಾಣುತ್ತಿಲ್ಲವೇ ಎಂದು ಅವರನ್ನು ಹಿಡಿದು ಅಲುಗಿಸಿದೆ.

“ಒಬ್ಬಾಂವ ಹೋದ್ರ ಹೋದ,” ಎಂದರು. “ಇನ್ನೊಬ್ಬಾಂವರ ಜೇಲಿಗೆ ಹೋಗದ ಮನ್ಯಾಗ ಉಳೀಲಿ.”

ಹೆತ್ತ ಬಾಯಿಂದ ಈ ಮಾತು ಕೇಳಿದ ಮೇಲೆ ನನ್ನ ಮೈಯಲ್ಲಿದ್ದ ಭಯವೆಲ್ಲ ಸಿಟ್ಟಾಯಿತು. ಎಂಜಿನ್ ಇನ್ನೂ ಓಡುತ್ತಿತ್ತು. ಗಾಡಿ ನಡೆಸಲು ಬರುತ್ತಿದ್ದರೂ ಆ ಕಾರಿನ ಸ್ಟಿಯರಿಂಗ್ ಮುಟ್ಟಲು ನನಗೆ ಯಾವತ್ತೂ ಅಪ್ಪಣೆ ಇರಲಿಲ್ಲ. ಹತ್ತಿ ಕೂತೆ, ಬಾಗಿಲುಗಳನ್ನು ಲಾಕ್ ಮಾಡಿದೆ, ಮುರಿಯದ ಕೈಯಿಂದ ಗೇರು ಹಿಂದಕ್ಕೆ ಹಾಕಿದೆ. ನಾಲ್ಕೂ ಗಾಲಿಗೆ ಬಲವಿದ್ದ ಗಾಡಿ, ಮಣ್ಣು ಉಗುಳುತ್ತ ಕಂದಕದಿಂದ ಮೇಲೆ ಬಂತು. ತಿರುವಿನವರೆಗೆ ಹಿಂದೆ ಹೋದೆ. ಬಟನ್ ಒತ್ತಿದರೆ ಈ ಕಾರಿಗೆ ಮಾತು ಬಾರದು, ಏಟು ಬಿದ್ದರೆ ಬರುತ್ತದೆ. ಹಾಗಾದರೆ ಏಟೇ ತಿನ್ನು ಎಂದು ಕಾಲು ಪೂರ್ತಿ ಒತ್ತಿ, ಕಂದಕದ ಆಚೆ ದಂಡೆಗೆ ನೇರವಾಗಿ ಹೋಗಿ ಗುದ್ದಿದೆ.

ಏರ್‌ಬ್ಯಾಗು ಮುಖಕ್ಕೆ ಅಪ್ಪಳಿಸಿತು. ಬಾಯಿ ತುಂಬ ರಕ್ತ, ಕಣ್ಣ ತುಂಬ ಬಿಳಿ ಪುಡಿ. ಅತ್ತೆ ಹಿಂದಿನಿಂದ ಎರಡೂ ಸೀಟುಗಳ ನಡುವೆ ಬಂದು ಬಿದ್ದಿದ್ದರು. ಎಂಜಿನ್ ನಿಂತಿತು. ಆ ನಿಶ್ಶಬ್ದದಲ್ಲಿ ಫೋನ್ ರಿಂಗಾಗುವುದು ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಬೇರೆ ಕೇಳಿಲ್ಲ.

ಹುಡುಗಿ ಏನಾಯಿತು ಮೇಡಂ ಎನ್ನುವುದರೊಳಗೆ ಅತ್ತೆಯ ಕೈ ನನ್ನ ಬಾಯಿ ಮುಚ್ಚಿತು. ಜೀವಮಾನವೆಲ್ಲ ರೊಟ್ಟಿ ಬಡಿದ ಅಂಗೈ ಅದು, ಕಿತ್ತರೆ ಬರುವುದಲ್ಲ. ಕಚ್ಚಿದೆ. ಅವರು ನನ್ನ ತುರುಬು ಹಿಡಿದು ಹಿಂದಕ್ಕೆಳೆದರು. ಮೊಣಕೈಯಿಂದ ತಿವಿದೆ, ಅವರ ಹಲ್ಲು ನನ್ನ ಎಲುಬಿಗೆ ತಾಗಿದ್ದು ಗೊತ್ತಾಯಿತು. ಅರುವತ್ತು ದಾಟಿದ ಅತ್ತೆಗೆ ಹೊಡೆದೆನಲ್ಲ ಎಂದು ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಯರಗುಪ್ಪಿ, ಹಳ್ಳದ ಬಾಜು ಹೊಲ, ಒಬ್ಬನನ್ನು ರಾಡಿನಿಂದ ಹೊಡೆದು ಕೊಲ್ಲುತ್ತಿದ್ದಾರೆ, ಆಂಬುಲೆನ್ಸೂ ಬೇಕು, ಪೊಲೀಸರೂ ಬೇಕು ಎಂದು ಕಿರುಚಿದೆ.

ಗಾಡಿ ಗುದ್ದಿದ ಸದ್ದಿಗೆ ನನ್ನ ಗಂಡ ತಮ್ಮನನ್ನು ಬಿಟ್ಟು ಓಡಿಬಂದಿದ್ದ. ಅಷ್ಟು ಹೊತ್ತು ನಾನು ತೋಳಿಗೆ ಜೋತುಬಿದ್ದರೂ ಬಿಡದವನು ಕಾರಿಗಾಗಿ ಬಿಟ್ಟ. ಬಾಗಿಲು ಜಗ್ಗಿದ, ಬರಲಿಲ್ಲ. ರಾಡಿನಿಂದ ನನ್ನ ಬದಿಯ ಗಾಜಿಗೆ ಬಾರಿಸಿದ. ಗಾಜಿನ ಹರಳುಗಳು ನನ್ನ ರವಿಕೆಯ ಕೊರಳೊಳಗೆ ಇಳಿದವು.

“ಹೊಡೀತಿರೋದು ಯಾರು ಮೇಡಂ?” ಎಂದಳು ಹುಡುಗಿ. “ಗೊತ್ತಿರೋರಾ? ಹೆಸರು ಹೇಳಿ.”

ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಸುತ್ತ ನಿಂತವರು ಕಾಡಿದರೆ ಒಗಟಿನೊಳಗೆ ಮುಚ್ಚಿಟ್ಟು ಹೇಳಬೇಕು. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಮಕ್ಕಳಿಗೆ ವಿಜ್ಞಾನ ಕಲಿಸುವ ನಾನೂ ಶಾಲೆಯ ಕಚೇರಿಯಲ್ಲಿ ಯಾರಾದರೂ ಕೇಳಿದರೆ ಚೀಟಿಯ ಮೇಲೆ ಬರೆದು ಕೊಡುತ್ತಿದ್ದೆ. ಕಿಟಕಿಯ ಆಚೆ ರಾಡು ಮತ್ತೆ ಮೇಲೆ ಹೋಗಿತ್ತು. ಅದರ ತುದಿಗೆ ಪ್ರಭುವಿನ ಕೂದಲು ಅಂಟಿತ್ತು.

“ಗೌರೀಶ,” ಎಂದೆ. “ನನ್ನ ಗಂಡ ಗೌರೀಶ.”

ಅತ್ತೆಯ ಕೈ ನನ್ನ ತುರುಬಿನಿಂದ ಸಡಿಲಾಯಿತು. ಹುಡುಗಿ ಆ ಹೆಸರನ್ನು ಸ್ಪೀಕರಿನಲ್ಲಿ ಸ್ಪಷ್ಟವಾಗಿ ತಿರುಗಿ ಹೇಳಿ, ಬರೆದುಕೊಂಡೆ, ಪೊಲೀಸರಿಗೂ ಆಂಬುಲೆನ್ಸಿಗೂ ತಿಳಿಸಿದ್ದೇನೆ, ಲೈನಿನಲ್ಲೇ ಇರಿ ಎಂದಳು. ಎಲ್ಲೋ ದೂರದ ಅಪರಿಚಿತ ಹೆಂಗಸಿನ ಬಾಯಲ್ಲಿ ತನ್ನ ಹೆಸರು ಕೇಳಿ ಅವನು ರಾಡನ್ನು ಮೇಲೆತ್ತಿದಂತೆಯೇ ನಿಂತ. ಆಮೇಲೆ ಅದನ್ನು ಹಳ್ಳಕ್ಕೆ ಎಸೆದು ಜೋಳದೊಳಗೆ ಓಡಿದ. ಅತ್ತೆ ಒಡೆದ ತುಟಿ ಹಿಡಿದುಕೊಂಡು ಹೇಳಿದ್ದು ಒಂದೇ ಮಾತು, ಗಂಡನ ಹೆಸರು ಹಿಡಿದೆಯಲ್ಲ.

ನಾನು ಇಳಿದು ಪ್ರಭುವಿನ ಹತ್ತಿರ ಹೋದೆ. ಕಣ್ಣು ಎಲ್ಲಿ, ಕಿವಿ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಸೆರಗು ಒತ್ತಿ ಹಿಡಿದು ಆಂಬುಲೆನ್ಸು ಬರುವವರೆಗೂ ಅವನನ್ನು ಬೈಯುತ್ತ ಕೂತೆ, ಬೈಗುಳ ಕೇಳಿದರೆ ಪ್ರಾಣ ಬಿಡುವುದಿಲ್ಲವೆಂಬಂತೆ. ಬಿಡಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂದು ಕಣ್ಣು ಹೋಯಿತು, ಕಾಲು ಕುಂಟಾಯಿತು, ಜೀವ ಉಳಿಯಿತು. ಗಂಡನನ್ನು ಅಣ್ಣಿಗೇರಿ ಸ್ಟೇಶನ್ನಿನಲ್ಲಿ ರೈಲು ಕಾಯುತ್ತಿದ್ದಾಗ ಹಿಡಿದರು. ಗಾಡಿ ಗುದ್ದಿ ಪ್ರಭುವಿಗೆ ಹಾಗಾಯಿತೆಂದು ಹೇಳು ಎಂದು ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕಾಲಿಗೆ ಬಿದ್ದರು. ಎಬ್ಬಿಸಿ ಕೂರಿಸಿದೆ, ಆ ಸುಳ್ಳಿಗೆ ಮಾತ್ರ ನಾನು ಒಪ್ಪಲಿಲ್ಲ.

ಈಗ ನಾನು ಸಂಶಿಯಲ್ಲೇ ಒಂದು ಕೋಣೆ ಹಿಡಿದಿದ್ದೇನೆ. ಮೊನ್ನೆ ಹಿಟ್ಟಿನ ಗಿರಣಿಯ ಪಾಳಿಯಲ್ಲಿ ನಿಂತಿದ್ದಾಗ ಹಿಂದೆ ಯಾರೋ ಹೆಂಗಸರು ಪಿಸುಗುಟ್ಟುತ್ತಿದ್ದರು, ಗಂಡನ ಹೆಸರು ಹಿಡಿದು ಪೊಲೀಸರಿಗೆ ಕೊಟ್ಟವಳು ಇವಳೇ ಎಂದು. ತಮ್ಮನ ತಲೆ ಒಡೆದವನ ಮಾತು ಅವರ ಬಾಯಿಗೆ ಬರಲಿಲ್ಲ. ನಾನು ತಿರುಗಿ ನಿಂತೆ. ಗಿರಣಿ ಓಡುತ್ತಿದ್ದರಿಂದ ಗಟ್ಟಿಯಾಗಿಯೇ ಹೇಳಬೇಕಾಯಿತು.

“ಗೌರೀಶ ಮಡಿವಾಳೆಪ್ಪ ಹೊಸಮನಿ. ಕೇಳಿಸ್ತಿಲ್ರಿ? ಇನ್ನೊಮ್ಮೆ ಹೇಳ್ಲಿ?”