ನೋಂದಣಿ ಸಿಗದ ನರ್ಸಿಂಗ್ ಡಿಗ್ರಿ

ದೇವಸಮುದ್ರದಲ್ಲಿ ನಿರ್ಮಲಾ ಬಸ್ಸಿನಿಂದ ಇಳಿದರೆ ಸಾಕು, ಯಾರಾದರೊಬ್ಬರು ಕೇಳುತ್ತಿದ್ದರು. "ಏನಮ್ಮ ನರ್ಸಮ್ಮ, ಕೆಲಸ ಸಿಕ್ತಾ?" ಮೊದಮೊದಲು ಅವಳು ನಕ್ಕು ಮುಂದೆ ಹೋಗುತ್ತಿದ್ದಳು. ಆಮೇಲೆ ಹಿಂದಿನ ಓಣಿ ಹಿಡಿದು ಮನೆ ಸೇರತೊಡಗಿದಳು.

ಅವಳ ಅಪ್ಪ ಗಾದ್ರಪ್ಪ ಕುರಿ ಸಾಕುವವರು. ನಿರ್ಮಲಾ ಚಳ್ಳಕೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಅಲ್ಲೇ ಎಣ್ಣೆ ಅಂಗಡಿಯ ಮಹಡಿ ಮೇಲೆ ಅವಳಿಗೆ ಒಂದು ಬೋರ್ಡು ಕಂಡಿತ್ತು: "ಮನೆಯಲ್ಲೇ ಕುಳಿತು ನರ್ಸಿಂಗ್ ಪದವಿ ಪಡೆಯಿರಿ." ಬೇರೆ ರಾಜ್ಯದ ಯಾವುದೋ ಸಂಸ್ಥೆಯ ದೂರಶಿಕ್ಷಣ ಅದು. ನಿರ್ಮಲಾ ಸೇರಿದಳು. ಹಗಲು ಕೆಲಸ, ಸಂಜೆ ಓದು. ಒಳ್ಳೆಯ ಅಂಕ ತೆಗೆದು ಪಾಸೂ ಆದಳು.

ಕಷ್ಟ ಶುರುವಾಗಿದ್ದು ಆಮೇಲೆ. ಯಾವ ಆಸ್ಪತ್ರೆಗೆ ಹೋದರೂ ಒಂದೇ ಪ್ರಶ್ನೆ: "ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿದೆಯಾ?" ಬೆಂಗಳೂರಿಗೆ ಹೋಗಿ ಕೌನ್ಸಿಲ್‌ನಲ್ಲೇ ವಿಚಾರಿಸಿದಳು. ಅವರು ಹೇಳಿದ್ದು ಇಷ್ಟೇ: ಈ ಕೋರ್ಸಿಗೆ ಮಾನ್ಯತೆ ಇಲ್ಲ, ಆಸ್ಪತ್ರೆಯ ತರಬೇತಿ ಇಲ್ಲದೆ ಅಂಚೆಯಲ್ಲಿ ಓದಿದವರನ್ನು ನರ್ಸ್ ಎಂದು ನೋಂದಾಯಿಸಲು ಬರುವುದಿಲ್ಲ.

ಚಳ್ಳಕೆರೆಯ ಕೇಂದ್ರ ನಡೆಸುತ್ತಿದ್ದ ನಾಗಭೂಷಣ ಕೈ ಕೊಡವಿಕೊಂಡ. "ನಾವು ಡಿಗ್ರಿ ಕೊಡಿಸ್ತೀವಿ ಅಂದಿದ್ವಿ. ನೋಂದಣಿ ಮಾಡಿಸ್ತೀವಿ ಅಂದಿದ್ವಾ? ಇಲ್ಲಿ ಆಗ್ಲಿಲ್ಲ ಅಂದ್ರೆ ಬೇರೆ ರಾಜ್ಯದಾಗೆ ನೋಡ್ರಿ."

ಗಾದ್ರಪ್ಪನವರಿಗೆ ಆ ಮಾತು ಹಿಡಿಸಿತು. "ಗಡಿ ಆಚೆ ರಾಯದುರ್ಗ ಏನು ದೂರ ಐತೆ? ನಿಂಗೆ ತೆಲುಗೂ ಬರ್ತೈತೆ. ನಡಿ, ನಾನೂ ಬರ್ತೀನಿ."

ಹೋದರು. ಅಲ್ಲಿನ ಆಸ್ಪತ್ರೆಯಾಕೆ ತಲೆ ಎತ್ತಿ ತೆಲುಗಿನಲ್ಲಿ ಅದನ್ನೇ ಕೇಳಿದಳು, "ರಿಜಿಸ್ಟ್ರೇಷನ್ ಉಂದಾ ಅಮ್ಮಾ?"

"ಗಡಿ ದಾಟಿದ್ರೂ ಅದೇ ಮಾತಾ?" ಎಂದು ಗೊಣಗುತ್ತ ಗಾದ್ರಪ್ಪ ಹೊರಗೆ ಬಂದರು. ಅಲ್ಲಿಯೂ ಆ ರಾಜ್ಯದ ಕೌನ್ಸಿಲ್ ಇತ್ತು. ಅದೂ ಮಾನ್ಯತೆ ಇರುವ ಕೋರ್ಸನ್ನೇ ಕೇಳುತ್ತಿತ್ತು.

ಊರಿಗೆ ಬಂದವರೇ ಆರೋಗ್ಯ ಕೇಂದ್ರದ ನರ್ಸ್ ತಿಪ್ಪೇರುದ್ರಮ್ಮ ಅವರನ್ನು ಮನೆಗೆ ಕರೆದರು. ಅವರು ಕೂರುವ ಮೊದಲೇ ಗಾದ್ರಪ್ಪನವರ ಸಿಟ್ಟೆಲ್ಲ ಹೊರಬಂತು.

"ಸಿಸ್ಟರ್, ಏನಿದು ನಿಮ್ಮ ಕೌನ್ಸಿಲ್? ನನ್ನ ಮಗಳು ಅಷ್ಟು ಕಷ್ಟಪಟ್ಟು ಓದೈತೆ. ಗೊತ್ತಿರೋದಕ್ಕೆ ಬೆಲೆ ಇಲ್ವಾ?"

"ಅವಳಿಗೆ ಗೊತ್ತೈತೆ ಅಂತ ನಂಗೆ ಗೊತ್ತು ಗಾದ್ರಣ್ಣ. ಹಾಸಿಗೆ ಮೇಲೆ ಮಲಗಿರೋ ರೋಗಿಗೆ ಹೆಂಗೆ ಗೊತ್ತಾಗಬೇಕು? ಯಾರೋ ಒಬ್ರು ಪಕ್ಕದಾಗೆ ನಿಂತು, ಮಾಡಿಸಿ, ನೋಡಿ, ಸರಿ ಐತೆ ಅನ್ನಬೇಕು. ನೋಂದಣಿ ಅಂದ್ರೆ ಅದೇ."

"ಹಂಗಾದ್ರೆ ಆ ಬೋರ್ಡು ಹಾಕಿದೋನ್ನ ಯಾರೂ ಯಾಕೆ ಕೇಳ್ಲಿಲ್ಲ?"

ತಿಪ್ಪೇರುದ್ರಮ್ಮ ಚಾಪೆಯ ಮೇಲೆ ಕೂತರು. "ನಂಗೂ ಅದೇ ಸಿಟ್ಟು. ದೂರು ಕೊಡಿ, ನಾನೂ ಬರ್ತೀನಿ. ಆದ್ರೆ ದೂರು ಕೊಟ್ರೂ ಈ ಡಿಗ್ರಿಗೆ ನೋಂದಣಿ ಸಿಗಲ್ಲ. ಆಸೆ ಇಟ್ಕಬೇಡ್ರಿ."

ನಿರ್ಮಲಾಳ ತಾಯಿ ಯರ್ರಮ್ಮನಿಗೆ ಬೇರೆ ಯೋಚನೆ. "ಬಿಡ್ರಿ ಆ ಕೌನ್ಸಿಲ್ಲು. ಊರಾಗೇ ಇಂಜೆಕ್ಷನ್ ಮಾಡ್ಕಂಡು ಇರ್ಲಿ. ಜನ ಕರೀತಾರೆ."

"ಅದು ಯಾರಿಗಾದ್ರೂ ಮೈಗಾಗದೆ ಜೀವಕ್ಕೆ ಬಂದ್ರೆ, ಪೊಲೀಸ್ನೋರು ಬರೋದು ಈ ಮನೆಗೇ ಯರ್ರಮ್ಮ," ಅಂದರು ತಿಪ್ಪೇರುದ್ರಮ್ಮ.

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ನಿರ್ಮಲಾ ಬಾಯಿ ಬಿಟ್ಟಳು. "ಅವ್ವ, ನಾನು ಕದ್ದು ನರ್ಸ್ ಆಗಲ್ಲ."

ಆಗಲೇ ಗಾದ್ರಪ್ಪನವರ ಫೋನು ರಿಂಗಾಯಿತು. ನಾಗಭೂಷಣ. ಎರಡನೇ ಮಗಳು ಆಶಾ ಪಿಯುಸಿ ಮುಗಿಸಿದ್ದು ಅವನಿಗೆ ಗೊತ್ತಿತ್ತು. ಅವಳನ್ನೂ ಅಲ್ಲೇ ಸೇರಿಸಿರೆಂದು ವಾರದಿಂದ ಬೆನ್ನು ಹತ್ತಿದ್ದ. ಬೇರೆ ರಾಜ್ಯದಲ್ಲಾದರೂ ಕೆಲಸ ಸಿಗುತ್ತದೆಂದು ನಂಬಿ ಗಾದ್ರಪ್ಪ ಕೂಡ ಅರ್ಧ ಒಪ್ಪಿಕೊಂಡಿದ್ದರು.

"ಒಂದು ಮಾತು ಹೇಳ್ರಿ," ಅಂದರು ಗಾದ್ರಪ್ಪ. "ನಿಮ್ಮ ಕೋರ್ಸಿಗೆ ಕೌನ್ಸಿಲ್ ಮಾನ್ಯತೆ ಐತಾ, ಇಲ್ವಾ?"

"ಅದು ಪ್ರೋಸೆಸ್‌ನಲ್ಲೈತೆ ಯಜಮಾನ್ರೇ, ನೀವು ಮೊದ್ಲು ಹುಡುಗಿನ ಕರ್ಕಂಡು..."

"ಐತಾ, ಇಲ್ವಾ?"

ಆ ಕಡೆಯಿಂದ ಮತ್ತೆ ಅದೇ ರಾಗ. ಗಾದ್ರಪ್ಪ ಫೋನು ಕೆಳಗಿಟ್ಟರು. "ಆಶಾ ಅಲ್ಲಿಗೆ ಹೋಗಲ್ಲ," ಅಂದರು.

ತಿಪ್ಪೇರುದ್ರಮ್ಮ ಅಕ್ಕತಂಗಿಯರನ್ನು ಪಕ್ಕ ಕೂರಿಸಿಕೊಂಡು ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಮಾನ್ಯತೆ ಇರುವ ಕಾಲೇಜುಗಳನ್ನು ಹುಡುಕುವುದನ್ನು ತೋರಿಸಿದರು. ಈಗ ಇಬ್ಬರೂ ಒಂದೇ ಕಾಲೇಜಿನಲ್ಲಿ, ಒಂದೇ ತರಗತಿಯಲ್ಲಿ ಜನರಲ್ ನರ್ಸಿಂಗ್ ಓದುತ್ತಿದ್ದಾರೆ. ಆಸ್ಪತ್ರೆಯ ವಾರ್ಡಿನಲ್ಲೇ ತರಬೇತಿ. ಆಶಾ ಖುಷಿಯಾಗಿದ್ದಾಳೆ. ನಿರ್ಮಲಾಳಿಗೆ ಬೇಸರ ಪೂರ್ತಿ ಹೋಗಿಲ್ಲ. ತಂಗಿಯ ವಯಸ್ಸಿನವರ ನಡುವೆ ಕೂತು ಓದಿದ್ದನ್ನೇ ಮತ್ತೆ ಓದುವಾಗ, ಕೈಬಿಟ್ಟುಹೋದ ವರ್ಷಗಳು ನೆನಪಾಗಿ ಸಿಟ್ಟು ಬರುತ್ತದೆ. ಆದರೂ ಒಂದು ದಿನವೂ ತರಗತಿ ತಪ್ಪಿಸಿಲ್ಲ.

ತಾಯಂದಿರೇ, ಅಪ್ಪಂದಿರೇ, ನಿಮ್ಮ ಮನೆಯ ಮಗಳಾಗಲಿ ಮಗನಾಗಲಿ ನರ್ಸಿಂಗ್ ಸೇರುವ ಮುಂಚೆ ಈ ಪ್ರಶ್ನೆ ಕೇಳಿ: ಇಲ್ಲಿ ಓದಿದರೆ ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗುತ್ತದೆಯೇ? ಸಂಸ್ಥೆಯವರ ಮಾತನ್ನಷ್ಟೇ ನಂಬದೆ ಕೌನ್ಸಿಲ್‌ನಲ್ಲೇ ವಿಚಾರಿಸಿ. ಕೆಲಸ ಮಾಡುವುದು ಬೇರೆ ರಾಜ್ಯದಲ್ಲಾದರೆ ಅಲ್ಲಿನ ಕೌನ್ಸಿಲ್‌ನಲ್ಲೂ ಕೇಳಿ. ನೇರವಾಗಿ ಹೌದು ಎನ್ನದ ಕಡೆ ಕೂರಬೇಡಿ. ಮಗುವಿನ ಕೈ ಹಿಡಿದು ಎದ್ದು ಬನ್ನಿ.