ಎಡಗಾಲಿನ ಪಟ್ಟಿ

ಇದೊಂದು ಪ್ಯಾಂಟಿನ ಕಥೆ. ಬ್ಯಾಂಡು ನುಡಿಸಬಲ್ಲವರು, ಸಂಗೀತ ಓದಿದವರು ಊರಿನಲ್ಲಿ ಎಷ್ಟೋ ಜನ ಇರುವಾಗ, ಬರೀ ಅಂಚು ಹೊಲಿಯುವವರ ಕಡೆಯಿಂದ ಇದನ್ನು ಹೇಳಹೊರಟದ್ದು ಅಧಿಕಪ್ರಸಂಗವೇ ಸರಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ರೋಂಡಾ ಕೆಸ್ಲರ್ ಶಾಲೆಯ ಬಸ್ಸುಗಳ ನೆರಳಿನಲ್ಲಿ ಮೊಣಕಾಲೂರಿ, ತುಟಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಕೊಳಲು ನುಡಿಸುವ ಹುಡುಗಿಯೊಬ್ಬಳ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಅಷ್ಟರಲ್ಲಿ ಲೊರೆಟ್ಟಾ ಬಂದು ಅವಳ ಕೈಯಿಂದ ದಾರ ಕಿತ್ತುಕೊಂಡಳು.

"ಏಳೇ ಮೇಲೆ. ಸಾಕು ನಿನ್ನ ಸೇವೆ."

"ಇದೊಂದು ಕಾಲು ಮುಗಿಸಿಬಿಡ್ತೀನಿ."

"ನಾಲ್ಕು ವರ್ಷದಿಂದ ಇದೊಂದು ಕಾಲು, ಇದೊಂದು ಕಾಲು ಅಂತಾನೇ ಇದ್ದೀಯ. ಇವತ್ತು ನಿನ್ನ ಮಗನ ಕೊನೇ ಸ್ಪರ್ಧೆ. ಹೋಗಿ ಗ್ಯಾಲರೀಲಿ ಕೂತ್ಕೊಂಡು ಅವನ ಮುಖ ನೋಡು. ಬೆನ್ನು ನೋಡಿದ್ದು ಸಾಕು."

"ಯಾರದಾದ್ರೂ ಗುಂಡಿ ಕಿತ್ತು ಹೋದ್ರೆ?"

"ನನ್ನ ಕೈಗೇನು ಲಕ್ವ ಹೊಡೆದಿದ್ಯಾ? ನೀನು ಹುಟ್ಟೋಕ್ಕೆ ಮುಂಚೆ ಗುಂಡಿ ಹೊಲಿದೋಳು ನಾನು."

ಲೊರೆಟ್ಟಾಳ ಮೊಮ್ಮಗಳು ಶಾಲೆ ಮುಗಿಸಿ ಆರು ವರ್ಷವಾಗಿತ್ತು. ಮೊಮ್ಮಗಳು ಬ್ಯಾಂಡು ಬಿಟ್ಟಳು, ಲೊರೆಟ್ಟಾ ಬಿಡಲಿಲ್ಲ. ಬ್ಯಾಂಡಿನ ಮಕ್ಕಳಿಗೆಲ್ಲ ಅವಳು ಅಜ್ಜಿ.

ಬೆನ್ನಿನ ಮಾತು ಅವಳು ಸುಮ್ಮನೆ ಆಡಿದ್ದಲ್ಲ. ಬ್ಯಾಂಡು ನುಡಿಸುವುದು ಗ್ಯಾಲರಿಯ ಕಡೆ ಮುಖ ಮಾಡಿ. ಸಮವಸ್ತ್ರ ನೋಡಿಕೊಳ್ಳುವ ತಾಯಂದಿರು ನಿಲ್ಲುವುದು ಮೈದಾನದ ಹಿಂದಿನ ಗೇಟಿನಲ್ಲಿ, ಸೂಜಿ ದಾರದ ಚೀಲ ಹಿಡಿದು. ನಾಲ್ಕು ಶರತ್ಕಾಲ ರೋಂಡಾ ಕಂಡದ್ದು ತೊಂಬತ್ತಾರು ಬೆನ್ನುಗಳನ್ನು. ಮಗನ ಫೋನಿನಲ್ಲಿ ವೀಡಿಯೊ ನೋಡಿದ್ದುಂಟು. ಅಂಗೈಯಗಲದ ಪರದೆಯಲ್ಲಿ ಎಲ್ಲರೂ ಇರುವೆಗಳು. ಇವತ್ತು ಒಂದು ಸಲ, ಮೊದಲಿನಿಂದ ಕೊನೆಯವರೆಗೆ, ಅವನೊಬ್ಬನನ್ನೇ ನೋಡಬೇಕು. ಅಷ್ಟೇ ಅವಳ ಆಸೆ. ಮುಂದಿನ ವರ್ಷ ಈ ಹೊತ್ತಿಗೆ ಅವನು ಎಲ್ಲಿರುತ್ತಾನೋ, ತುತ್ತೂರಿ ಪೆಟ್ಟಿಗೆ ಮಂಚದ ಕೆಳಗೆ ಇರುತ್ತದೆ.

ಡಾಲ್ಟನ್ ಟ್ರಂಪೆಟ್ ಕಂಕುಳಲ್ಲಿಟ್ಟುಕೊಂಡು ಬಂದ. ಗರಿಯ ಟೋಪಿ ಇನ್ನೂ ಹಾಕಿರಲಿಲ್ಲ. ಕಿವಿಗಳು ಚಳಿಗೆ ಕೆಂಪಾಗಿದ್ದವು.

"ಅಮ್ಮ, ಮೇಲೆ ಹೋಗ್ತೀಯಂತೆ. ಕೇಳು, ನಾನು ಮೊದಲು ನಿಂತ್ಕೊಳೋದು..."

"ಹೇಳ್ಬೇಡ. ಹೆತ್ತ ಮಗನ್ನ ಹುಡುಕೋಕ್ಕೆ ನಂಗೆ ನಕ್ಷೆ ಬೇಕಾ?"

"ಎಲ್ಲರೂ ಒಂದೇ ಥರ ಕಾಣ್ತೀವಮ್ಮ. ಒಂದೇ ಥರ ಕಾಣ್ಲಿ ಅಂತಾನೇ ಮೇಷ್ಟ್ರು ನಮ್ಮ ಪ್ರಾಣ ತಿನ್ನೋದು."

"ನಿಮ್ಮ ಮೇಷ್ಟ್ರು ನಿನ್ನ ಅಂಚು ಹೊಲಿದಿದಾರಾ? ಹೋಗು, ಸಾಲಿಗೆ ನಿಂತ್ಕೋ."

ಅವನು ನಕ್ಕು ಹೋದ. ಅವಳು ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಒಂದು ಗುಟ್ಟಿತ್ತು. ಎರಡು ವರ್ಷದ ಹಿಂದೆ ಅಭ್ಯಾಸದಲ್ಲಿ ಡಾಲ್ಟನ್ ಡಾಂಬರಿನ ಮೇಲೆ ಜಾರಿಬಿದ್ದು ಪ್ಯಾಂಟಿನ ಎಡಗಾಲಿನ ಬದಿಗಿದ್ದ ಚಿನ್ನದ ಬಣ್ಣದ ಪಟ್ಟಿ ಹರಿದುಹೋಗಿತ್ತು. ಅಂಥದೇ ಪಟ್ಟಿ ಸಿಗಲಿಲ್ಲ. ರೋಂಡಾ ಬಟ್ಟೆ ಅಂಗಡಿಯಿಂದ ರಿಬ್ಬನ್ ತಂದು ಹೊಲಿದಳು. ನೆರಳಿನಲ್ಲಿ ವ್ಯತ್ಯಾಸವೇ ಇಲ್ಲ. ಬಿಸಿಲಿಗೆ ಬಂದರೆ ಮಾತ್ರ ಉಳಿದ ತೊಂಬತ್ತೈದು ಎಡಗಾಲುಗಳಿಗಿಂತ ಅದೊಂದು ಜಾಸ್ತಿ ಹೊಳೆಯುತ್ತಿತ್ತು. ತೀರ್ಪುಗಾರರ ಕಣ್ಣಿಗೆ ಬಿದ್ದು ತನ್ನಿಂದ ಇಡೀ ಬ್ಯಾಂಡಿಗೆ ಅಂಕ ಹೋದೀತೆಂದು ಅವಳು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದಳು. ಸರಿಯಾದ ಪಟ್ಟಿಯ ಸುರುಳಿ ಬಂದು ಎರಡು ತಿಂಗಳಾಗಿತ್ತು. ಬದಲಾಯಿಸುತ್ತೇನೆ ಎಂದುಕೊಳ್ಳುತ್ತಲೇ ಬದಲಾಯಿಸಿರಲಿಲ್ಲ.

ನಾಲ್ಕು ಗಂಟೆಯ ಬಿಸಿಲು ಗ್ಯಾಲರಿಯ ಒಂದು ಮೂಲೆಯಿಂದ ಓರೆಯಾಗಿ ಮೈದಾನಕ್ಕೆ ಬೀಳುತ್ತಿತ್ತು. ಆಚೆ ಹೊಲಗಳಲ್ಲಿ ಮುಸುಕಿನ ಜೋಳದ ಕಟಾವು ನಡೆದಿತ್ತು. ಅದರ ಹೊಟ್ಟು ಧೂಳು ಗಾಳಿಯಲ್ಲಿ ತೇಲಿ ಬಂದು ಬೆಳಕೆಲ್ಲ ಜೇನಿನ ಬಣ್ಣಕ್ಕೆ ತಿರುಗಿತ್ತು. ತಮ್ಮ ಬ್ಯಾಂಡು ಸದ್ದಿಲ್ಲದೆ ನಡೆದು ಬಂತು. ಟೋಪಿಗಳು ಹುಬ್ಬಿನವರೆಗೆ, ಟೋಪಿಯ ಪಟ್ಟಿಗಳು ಗಲ್ಲದವರೆಗೆ. ಹದಿನಾಲ್ಕು ಟ್ರಂಪೆಟ್ಟುಗಳು ಒಂದೇ ಎತ್ತರದಲ್ಲಿ ಎದ್ದವು. ಆ ಕ್ಷಣ ರೋಂಡಾಳಿಗೆ ಯಾರು ಯಾರೋ ಒಂದೂ ತಿಳಿಯಲಿಲ್ಲ.

ಆಮೇಲೆ ಸಾಲು ತಿರುಗಿತು. ಬಲಗಡೆ, ಎರಡನೆಯ ಸಾಲಿನಲ್ಲಿ, ಒಂದು ಎಳೆ ಬೆಳಕು ಝಗ್ಗೆಂದಿತು.

ಅಲ್ಲಿಂದ ಮುಂದೆ ಅವಳು ಬೇರೇನನ್ನೂ ನೋಡಲಿಲ್ಲ. ಸಂಗೀತ ನೀರಿನೊಳಗಿಂದ ಕೇಳಿದಂತೆ ದೂರವಾಯಿತು. ಜನ ಕಲೆತರು, ಚದುರಿದರು, ವೃತ್ತವಾದರು, ಗೆರೆಯಾದರು; ಅವರ ನಡುವೆ ಆ ಬೆಳಕಿನ ಎಳೆ ಹೊಲದೊಳಗೆ ಹರಿಯುವ ಕಾಲುವೆಯ ಹಾಗೆ ಮರೆಯಾಗಿ, ಮತ್ತೆ ಕಂಡು, ಮತ್ತೆ ಮರೆಯಾಗಿ ಸಾಗಿತು. ಅವನ ಹೆಜ್ಜೆ ಇಷ್ಟು ಹಗುರ ಯಾವಾಗಾಯಿತು? ಮನೆಯಲ್ಲಿ ಮೆಟ್ಟಿಲಿಳಿದರೆ ಕಪಾಟಿನ ತಟ್ಟೆಗಳು ಅದುರುವಂಥ ಹುಡುಗ. ಮೂರು ವರ್ಷದವನಿದ್ದಾಗ ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಅಪ್ಪನ ಹೆಜ್ಜೆಯ ಮೇಲೇ ಹೆಜ್ಜೆ ಇಡುತ್ತಾ ನಡೆದಿದ್ದ. ಮೊದಲ ವರ್ಷ ಗ್ಯಾರೇಜಿನಲ್ಲಿ ಟ್ರಂಪೆಟ್ ಊದಿದಾಗ ಪಕ್ಕದ ಮನೆಯ ನಾಯಿ ಊಳಿಟ್ಟಿತ್ತು. ಆ ಹುಡುಗ ಈಗ ನೆಲ ಮುಟ್ಟದಂತೆ ನಡೆಯುತ್ತಿದ್ದಾನೆ. ಒಂದೇ ಸೂರಿನ ಕೆಳಗಿದ್ದೂ ತನಗಿದು ಗೊತ್ತೇ ಇರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು.

ನಡುವೆ ಎಲ್ಲರೂ ನಿಂತರು. ಡ್ರಮ್ಮುಗಳು ಮಾತ್ರ ನುಡಿದವು. ಆಗ ಆ ಎಳೆ ಸಣ್ಣಗೆ ವಾಲಿತು. ಬಿದ್ದೇಬಿಟ್ಟ ಎಂದು ರೋಂಡಾ ಬಾಯಿಗೆ ಕೈ ಅಡ್ಡ ಹಿಡಿದಳು. ಒಂದು ಗಳಿಗೆ. ಭುಜಗಳು ಒಮ್ಮೆ ಏರಿ ಇಳಿದವು, ಕಾಲು ನೆಟ್ಟಗಾಯಿತು.

ಪಕ್ಕದಲ್ಲಿ ಕುಳಿತಿದ್ದ ಬೇರೆ ಊರಿನ ಮುದುಕ ಕಾಗದದ ಕರವಸ್ತ್ರ ಚಾಚಿದ.

"ತಗೊಳಮ್ಮ. ನಿಮ್ಮೋನು ಯಾರು?"

"ಅಲ್ಲಿ. ಹೊಳೀತಿದಾನಲ್ಲ, ಅವನೇ."

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಎಲ್ಲರೂ ಹೊಳೀತಿದಾರೆ ತಾಯಿ," ಎಂದ.

ಒಂಬತ್ತನೆಯ ನಿಮಿಷಕ್ಕೆ ಕೊನೆಯ ಸ್ವರ ನಿಂತಿತು. ಗ್ಯಾಲರಿಯ ನೆರಳು ಮೈದಾನದ ಮೇಲೆ ಒಂದು ಮಾರು ಮುಂದೆ ಬಂದು, ಎಳೆ ಆರಿತು. ಅವಳು ಚಪ್ಪಾಳೆ ತಟ್ಟಲು ಮರೆತಳು.

ಕೆಳಗೆ ಗೇಟಿನ ಬಳಿ ಮಕ್ಕಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ರೋಂಡಾ ಪ್ಯಾಂಟುಗಳನ್ನೇ ನೋಡುತ್ತಾ ನಡೆದಳು. ಪಟ್ಟಿ ಕಂಡಿತು. ಹಿಂದಿನಿಂದ ಹೋಗಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಅಪ್ಪಿದಳು.

ಟೋಪಿ ತೆಗೆದು ತಿರುಗಿದ್ದು ಟೆಸ್ಸಾ. ಒಂಬತ್ತನೇ ತರಗತಿಯ ಹುಡುಗಿ, ಅವಳೂ ಟ್ರಂಪೆಟ್ಟಿನವಳೇ. ಕೊಕ್ಕರೆ ಕಾಲಿನವಳೆಂದು ಎಲ್ಲರೂ ರೇಗಿಸುವವಳು. ಗಲ್ಲದ ಮೇಲೆ ಟೋಪಿಯ ಪಟ್ಟಿಯ ಗುರುತು, ಕಣ್ಣ ತುಂಬ ನೀರು.

"ಮಿಸೆಸ್ ಕೆಸ್ಲರ್, ಪ್ಯಾಂಟು ಸರಿಯಾಗಿ ಕಾಣಿಸ್ತಾ? ಒಂಚೂರೂ ಕೊಳೆ ಮಾಡಿಲ್ಲ."

ರೋಂಡಾಳ ಕೈ ಅವಳ ಭುಜದ ಮೇಲೇ ಉಳಿಯಿತು. ಲೊರೆಟ್ಟಾ ಚೀಲ ಹಿಡಿದು ಏದುಸಿರು ಬಿಡುತ್ತಾ ಬಂದಳು.

"ನೀನು ಮೇಲೆ ಹೋಗಿದ್ದೇ ತಡ, ಈ ಕೊಕ್ಕರೆ ಬಗ್ಗಿದಳು, ಹಿಂದ್ಗಡೆ ಪರ್ ಅಂತ ಹರೀತು. ಹೊಲಿಯೋಕ್ಕೆ ಹೊತ್ತಿಲ್ಲ. ಮೈದಾನಕ್ಕೆ ಹೋಗಲ್ಲ ಅಂತ ಅಳ್ತಾ ನಿಂತ್ಲು. ನಿನ್ನ ಮಗ ಬಸ್ಸಿನ ಹಿಂದೆ ಹೋಗಿ ತನ್ನ ಪ್ಯಾಂಟು ಬಿಚ್ಚಿಕೊಟ್ಟ. ಹರಿದಿದ್ದನ್ನ ತಾನು ಹಾಕ್ಕೊಂಡ. ಹನ್ನೊಂದು ಪಿನ್ನು ಚುಚ್ಚಿ, ಮೇಲೆ ಕಪ್ಪು ಟೇಪು ಹಚ್ಚಿ ಕಳಿಸಿದೀನಿ. ನನ್ನ ಕೆಲಸ ಹೆಂಗೆ? ಮೇಲಿಂದ ಏನಾದ್ರೂ ಗೊತ್ತಾಯ್ತಾ?"

"ಇಲ್ಲ," ಎಂದಳು ರೋಂಡಾ. "ಏನೂ ಗೊತ್ತಾಗ್ಲಿಲ್ಲ."

"ಡ್ರಮ್ ಬರೋವಾಗ ನಂಗೆ ತಲೆ ಸುತ್ತಿಬಿಡ್ತು," ಟೆಸ್ಸಾ ಮೂಗೊರೆಸಿಕೊಂಡು ಹೇಳಿದಳು. "ಮಂಡಿ ಬಿಗಿ ಹಿಡಿದಿದ್ದೆ ಅನ್ಸುತ್ತೆ. ಬಿದ್ದೇಹೋಗ್ತಿದ್ದೆ. ಹಿಂದಿನಿಂದ ಯಾರೋ 'ಉಸಿರು ಬಿಡು, ಕೊಕ್ಕರೆ' ಅಂದ್ರು."

"ಯಾರು?"

"ತಿರುಗಿ ನೋಡೋ ಹಾಗಿಲ್ವಲ್ಲ ಮಿಸೆಸ್ ಕೆಸ್ಲರ್. ಆ ಡ್ರಮ್ ಗಲಾಟೇಲಿ ದನಿ ಗುರುತೂ ಸಿಗಲ್ಲ."

ಡಾಲ್ಟನ್ ಸೊಂಟಕ್ಕೆ ಜಾಕೆಟ್ ಕಟ್ಟಿಕೊಂಡು, ಅಡಿಗಡಿಗೆ ಹಿಂದೆ ಮುಟ್ಟಿಕೊಳ್ಳುತ್ತಾ ಬಂದ. ಅತ್ತು ಅತ್ತು ಮುಖ ತೊಳೆದಿಟ್ಟ ಹಾಗಿತ್ತು.

"ನೋಡಿದ್ಯಾ ಅಮ್ಮ?"

ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ನಕ್ಕುಬಿಡುತ್ತಿದ್ದ, ಬೇಕಾದರೆ ಎಲ್ಲಿದ್ದೆನೆಂದು ಹುಲ್ಲಿನ ಮೇಲೆ ನಡೆದು ತೋರಿಸುತ್ತಿದ್ದ. ಆದರೆ ಅವನ ಕಣ್ಣು ಇನ್ನೂ ಆ ಒಂಬತ್ತು ನಿಮಿಷದೊಳಗೇ ಇತ್ತು.

"ಕಣ್ಣು ಮಿಟುಕಿಸದೆ ನೋಡ್ದೆ ಕಣೋ," ಎಂದಳು.

"ಹೆಂಗಿದ್ದೆ?"

"ನೆಲ ಮುಟ್ಟದ ಹಾಗೆ ನಡೀತಿದ್ದೆ."

"ಪಿನ್ನು ಚುಚ್ತಿತ್ತಲ್ಲ, ಅದಕ್ಕೇ," ಎಂದು ಅವನು ನಕ್ಕ. ನಗುತ್ತಲೇ ತಲೆ ಬಗ್ಗಿಸಿ ಅವಳ ಹೆಗಲಿಗೆ ಹಣೆ ಆನಿಸಿದ. ಹಾಗೆ ಮಾಡಿ ವರ್ಷಗಳೇ ಆಗಿದ್ದವು.

ಸೋಮವಾರ ಸಮವಸ್ತ್ರದ ಕೋಣೆಯಲ್ಲಿ ರೋಂಡಾ ಒಬ್ಬಳೇ ಕುಳಿತು, ಹಿಂದಕ್ಕೆ ಬಂದ ಪ್ಯಾಂಟುಗಳ ಅಂಚು ಬಿಚ್ಚುತ್ತಿದ್ದಳು. ಹೊಸ ಕಾಲುಗಳಿಗೆ ಹೊಸ ಅಳತೆ. ಡಾಲ್ಟನ್‌ನದು ಕೈಗೆ ಬಂತು. ಸೊಂಟದ ಒಳಗೆ ಹೊಲಿದ ಬಿಳಿ ಬಟ್ಟೆಯ ಚೂರಿನ ಮೇಲೆ ಅದನ್ನು ತೊಟ್ಟವರ ಹೆಸರುಗಳಿದ್ದವು, ಮಸಿಯಲ್ಲಿ, ಒಂದರ ಕೆಳಗೊಂದು. ಕೊನೆಯದು ಅವನದು. ಅದರ ಕೆಳಗೆ ಟೆಸ್ಸಾಳ ಹೆಸರು ಬರೆದು, ಮಸಿ ಒಣಗಲೆಂದು ಊದಿದಳು. ಇದೊಂದರ ಅಂಚನ್ನು ಬಿಚ್ಚಬೇಕಾಗಿರಲಿಲ್ಲ; ಇಬ್ಬರ ಕಾಲಿನ ಉದ್ದವೂ ಒಂದೇ. ಮೇಜಿನ ಮೇಲೆ ಸರಿಯಾದ ಪಟ್ಟಿಯ ಸುರುಳಿಯಿತ್ತು, ಕತ್ತರಿಯೂ ಇತ್ತು. ಅವಳು ಕಾಲನ್ನು ಕಿಟಕಿಯ ಬಿಸಿಲಿಗೆ ಒಮ್ಮೆ ಹಿಡಿದು ನೋಡಿದಳು. ಆಮೇಲೆ ಮಡಿಸಿ, ಹಾಗೆಯೇ ಕಪಾಟಿನಲ್ಲಿಟ್ಟಳು.

ಟೆಸ್ಸಾಳ ಹಿಂದೆ ನಿಂತು 'ಉಸಿರು ಬಿಡು' ಎಂದವರು ಯಾರು? ಡಾಲ್ಟನ್‌ನನ್ನು ಕೇಳಬಹುದಿತ್ತು, ಆದರೆ ಕೇಳಿದರೆ ತಾನು ನೋಡಿದ್ದು ಯಾರನ್ನೆಂದು ಹೇಳಬೇಕಾಗುತ್ತಿತ್ತು. ಅವಳು ಕೇಳಲಿಲ್ಲ. ಟ್ರಂಪೆಟ್ ಊದುವ ಉಳಿದ ಹದಿಮೂರು ಜನರಲ್ಲಿ ಯಾರು ಬೇಕಾದರೂ ಇದ್ದಿರಬಹುದು, ಡಾಲ್ಟನ್ ಕೂಡ. ಗೊತ್ತಿಲ್ಲ.