ಚರ್ಚಿನ ದಿಬ್ಬಕ್ಕೆ ಟೋಸ್ಟೆನ್ನನ ಫೋರ್ಡು

"ಇದೇ ಕೊನೆ ಕಣೇ, ಇನ್ಮೇಲೆ ಈ ದಿಬ್ಬ ನೀನು ನಡ್ಕೊಂಡು ಹತ್ತೋ ಹಾಗಿಲ್ಲ. ಮುಂದಿನ ಮಗೂನ ಮೋಟಾರಲ್ಲಿ ಕೂರಿಸ್ಕೊಂಡು, ನಿನ್ನನ್ನೂ ಕೂರಿಸ್ಕೊಂಡು, ಚರ್ಚಿನ ಬಾಗಿಲಿಗೇ ತಂದು ಇಳಿಸ್ತೀನಿ," ಎಂದು ನನ್ನ ಭಾವ ಟೋಸ್ಟೆನ್ ಬ್ರೆಕ್ಕೆ ನನ್ನ ಅಕ್ಕ ರಾಗ್ನಾಳಿಗೆ ಮಾತು ಕೊಟ್ಟದ್ದು 1909ರ ವಸಂತದಲ್ಲಿ. ಮೊದಲ ಮಗುವಿನ ದೀಕ್ಷಾಸ್ನಾನ ಮುಗಿಸಿಕೊಂಡು ನಾವೆಲ್ಲ ಕೆಸರಿನಲ್ಲಿ ಜಾರುತ್ತಾ ಇಳಿಯುತ್ತಿದ್ದೆವು. ವಿಸ್ಕಾನ್ಸಿನ್ನಿನ ನಮ್ಮ ಕಣಿವೆಗೆ ನಾರ್ವೆಯಿಂದ ಬಂದ ಹಿರಿಯರು ಹೊಲಗಳನ್ನೆಲ್ಲ ತಗ್ಗಿನಲ್ಲಿಟ್ಟುಕೊಂಡು ಚರ್ಚನ್ನು ಮಾತ್ರ ದಿಬ್ಬದ ನೆತ್ತಿಯಲ್ಲಿ ಕಟ್ಟಿದ್ದರು. ಮಕ್ಕಳನ್ನು ಎತ್ತಿಕೊಂಡು ಹತ್ತುವವರು ಯಾರೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಟೋಸ್ಟೆನ್ ಸುಳ್ಳುಗಾರನಲ್ಲ. ಅವನಿಗೆ ಫೋರ್ಡ್ ಬೇಕೇ ಬೇಕಾಗಿತ್ತು. ಆದರೆ ಅದರ ಬೆಲೆ ಆಗ ಎಂಟುನೂರೈವತ್ತು ಡಾಲರ್. ಮರುವರ್ಷ ಇನ್ನೂ ನೂರು ಏರಿತು. "ಏರಿದ್ದು ಇಳೀಲೇಬೇಕು," ಎಂದ. ಇಳಿಯಿತು. ಇಳಿಯುತ್ತಲೇ ಹೋಯಿತು. ಏಳುನೂರೆಂಬತ್ತಾದಾಗ ಎರಡನೆಯ ಮಗು ಹುಟ್ಟಿತು. "ಈಗ ಕೊಂಡೋನು ದಡ್ಡ, ಮುಂದಿನ ವರ್ಷ ಇನ್ನೂ ಕಮ್ಮಿ ಆಗತ್ತೆ," ಎಂದು ರಾಗ್ನಾಳನ್ನು ನಡೆಸಿಕೊಂಡೇ ಹೋದ. ಆರುನೂರಾದಾಗ ಮೂರನೆಯದು. ಅದೂ ನಡೆದೇ ಹೋಯಿತು, ಅಂದರೆ ರಾಗ್ನಾಳ ಸೊಂಟದ ಮೇಲೆ. ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಹೊಸ ಬೆಲೆ ನೋಡಿ ಅವನು ಖುಷಿಯಿಂದ ತೊಡೆ ತಟ್ಟಿಕೊಳ್ಳುತ್ತಿದ್ದ. ಹಾಗೆ ಕಾರು ಕೊಳ್ಳದೆಯೇ ಕಾರಿನಿಂದ ಲಾಭ ಮಾಡಿಕೊಂಡವನು ನಮ್ಮ ಕಣಿವೆಯಲ್ಲಿ ಅವನೊಬ್ಬನೇ.

ಪಕ್ಕದ ಹೊಲದ ಎಂಡ್ರೆ ಮಾತ್ರ ಕಾಯದೆ ಒಂದು ಕೊಂಡುಬಿಟ್ಟ. ಆ ವರ್ಷ ಕಾರು ಮೂರು ಲಕ್ಷಕ್ಕಿಂತ ಹೆಚ್ಚು ಮಾರಾಟವಾಯಿತೆಂದು ಕಂಪನಿಯವರು ಕೊಂಡವರಿಗೆಲ್ಲ ಐವತ್ತು ಡಾಲರ್ ವಾಪಸು ಕಳಿಸಿದರು. ಎಂಡ್ರೆ ಚೆಕ್ಕನ್ನು ತಂದು ತೋರಿಸಿದ ದಿನ ಟೋಸ್ಟೆನ್ ಕಾಫಿ ಕುಡಿಯಲಿಲ್ಲ. ನಮ್ಮ ಜನರಲ್ಲಿ ಅದು ಕಾಯಿಲೆಯ ಲಕ್ಷಣ.

ಸೇಡು ತೀರಿಸಿಕೊಳ್ಳಲು ಅವನಿಗೊಂದು ದಾರಿ ಸಿಕ್ಕಿತು. ಆ ಕಾರಿಗೆ ಪೆಟ್ರೋಲನ್ನು ಮುಂದಕ್ಕೆ ತಳ್ಳುವ ಪಂಪು ಇರಲಿಲ್ಲ. ಸೀಟಿನ ಕೆಳಗಿನ ತೊಟ್ಟಿಯಿಂದ ಅದು ತಾನಾಗಿಯೇ ಇಳಿದು ಇಂಜಿನ್ ಸೇರಬೇಕು. ಕಡಿದಾದ ದಿಬ್ಬದಲ್ಲಿ ಮೂತಿ ಮೇಲಾದರೆ ಪೆಟ್ರೋಲು ಹಿಂದೆಯೇ ಉಳಿದು ಇಂಜಿನ್ ನಿಂತುಹೋಗುತ್ತಿತ್ತು. ಅದಕ್ಕೇ ಎಲ್ಲರೂ ಕಾರನ್ನು ತಿರುಗಿಸಿಕೊಂಡು ಹಿಮ್ಮುಖವಾಗಿ ಹತ್ತಿಸುತ್ತಿದ್ದರು. ಕೊನೆಯ ಗಂಟೆ ಹೊಡೆಯುವ ತನಕ ಗಂಡಸರು ಚರ್ಚಿನ ಮೆಟ್ಟಿಲ ಮೇಲೆ ನಿಂತು ಬಂದವರ ಕುದುರೆಗಳಿಗೆ ಬೆಲೆ ಕಟ್ಟುವುದು ನಮ್ಮ ಪದ್ಧತಿ. ಎಂಡ್ರೆ ಮೊದಲ ಸಲ ಹಾಗೆ ಹತ್ತಿ ಬಂದಾಗ ಆ ಮೆಟ್ಟಿಲ ಮೇಲಿಂದ ಟೋಸ್ಟೆನ್ ಕೂಗಿದ: "ನೋಡ್ರಪ್ಪಾ, ದೇವರ ಮನೆಗೆ ಕುಂಡಿ ಮುಂದಿಟ್ಕೊಂಡು ಬಂದ!" ಜನ ಒಂದು ತಿಂಗಳು ನಕ್ಕರು. ಎಂಡ್ರೆಯೂ ನಕ್ಕ. ಆದರೆ ಮರೆಯಲಿಲ್ಲ.

1916ರ ಆಗಸ್ಟಿನಲ್ಲಿ ಬೆಲೆ ಮುನ್ನೂರರವತ್ತಕ್ಕೆ ಬಂತು. ರಾಗ್ನಾ ನಾಲ್ಕನೆಯದನ್ನು ಹೆತ್ತು ಮೂರು ವಾರವಾಗಿತ್ತು. ಕಾಲಿನ ನರಗಳು ಹಗ್ಗದಂತೆ ಉಬ್ಬಿ, ಹಾಲು ಕರೆಯಲು ಕೂತರೆ ಏಳುವುದೇ ಕಷ್ಟವಾಗಿತ್ತು. "ಈ ಸಲ ನಡ್ಯಕ್ಕಾಗಲ್ಲ ಟೋಸ್ಟೆನ್. ಕೋಪಕ್ಕೆ ಹೇಳ್ತಿಲ್ಲ, ನಿಜವಾಗ್ಲೂ ಆಗಲ್ಲ," ಎಂದಳು. ಟೋಸ್ಟೆನ್ ಕಾರು ಕೊಂಡ.

ದೀಕ್ಷಾಸ್ನಾನದ ಭಾನುವಾರ ಅವಳು ನಾಲ್ಕು ಗಂಟೆಗೇ ಎದ್ದು ಹಸುಗಳನ್ನು ಕರೆದು, ಆಲೂಗಡ್ಡೆಯ ಲೆಫ್ಸೆ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಮೂರು ಮಕ್ಕಳ ಕಿವಿ ತೊಳೆದಿದ್ದಳು. ಮಗುವಿನ ಧರ್ಮಮಾತೆ ನಾನು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಕ್ಕಳ ಜೊತೆ ಹಿಂದಿನ ಸೀಟಿನಲ್ಲಿ ಕೂತೆ. ರಾಗ್ನಾ ಮುಂದೆ, ಗಂಡನ ಪಕ್ಕದಲ್ಲಿ. ದಿಬ್ಬದ ಬುಡದ ಸೇತುವೆ ದಾಟಿ ಟೋಸ್ಟೆನ್ ಮೂತಿ ಮುಂದಾಗಿಯೇ ನುಗ್ಗಿಸಿದ. ಕಾಲು ಭಾಗ ಹತ್ತಿದೆವು. ಇಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ನಾವೆಲ್ಲ ಹಿಂದಕ್ಕೆ ಜಾರಿ ಸೇತುವೆಯ ಪಕ್ಕ ಬಂದು ನಿಂತೆವು.

ಆಗಲೇ ಎಂಡ್ರೆಯ ಕಾರು ಬಂತು.

"ಏನಯ್ಯಾ, ನೀರು ಕುಡಿಸ್ತಿದೀಯಾ?"

"ಹೋಗೋ, ಹೋಗೋ. ಸ್ವಲ್ಪ ಆರಲಿ ಅಂತ ನಿಲ್ಸಿದೀನಿ."

"ತಿರುಗ್ಸು ಮಾರಾಯ. ಒಂದ್ನಿಮಿಷದ ಕೆಲಸ."

"ಏಳು ವರ್ಷ ಕಾದಿದ್ದು ಚರ್ಚಿಗೆ ಬೆನ್ನು ತೋರ್ಸಕ್ಕಲ್ಲ."

ಎಂಡ್ರೆ ತನ್ನ ಕಾರು ತಿರುಗಿಸಿ, ನಮ್ಮನ್ನೇ ನೋಡಿ ಟೋಪಿ ಎತ್ತುತ್ತಾ, ಹಿಮ್ಮುಖವಾಗಿ ಸರಾಗವಾಗಿ ಹತ್ತಿಹೋದ. ಮೇಲೆ ಅವನು ಕೈ ಬೀಸಿ ಏನೋ ಹೇಳಿದ್ದು ಕಂಡಿತು. ಗಂಡಸರೆಲ್ಲ ಮೆಟ್ಟಿಲ ಅಂಚಿಗೆ ಬಂದು ಸಾಲಾಗಿ ನಿಂತರು.

"ತಿರುಗ್ಸು," ಎಂದಳು ರಾಗ್ನಾ.

"ತಿರುಗಿಸ್ತೀನಿ. ಅವರು ಒಳಗೆ ಹೋಗ್ಲಿ."

ಅವರು ಹೋಗಲಿಲ್ಲ. ಕೊನೆಯ ಗಂಟೆ ಹೊಡೆಯಬೇಕಾದವನೂ ಆ ಸಾಲಿನಲ್ಲೇ ಇದ್ದ. ಮೇಲೆ ಇಪ್ಪತ್ತು ಮಂದಿ, ಕೆಳಗೆ ಒಬ್ಬ. ಅವರು ಇವನನ್ನು ನೋಡುತ್ತಿದ್ದರು. ಇವನು ಇಂಜಿನ್ ಮುಚ್ಚಳ ಎತ್ತಿ ಏನೂ ಕೆಡದ ಕಡೆ ಬಗ್ಗಿ ನೋಡುತ್ತಿದ್ದ. ಪಾದ್ರಿ ಬಾಗಿಲಿಗೆ ಬಂದು ಗಡಿಯಾರ ನೋಡಿಕೊಂಡು ಒಳಗೆ ಹೋದರು. ಮತ್ತೆ ಬಂದರು. ಮಗು ಅಳತೊಡಗಿತು. ನಡುವಿನವನಿಗೆ ಒಂದಕ್ಕೆ ಅವಸರವಾಯಿತು. ದೊಡ್ಡವಳು ರೊಟ್ಟಿಯ ಗಂಟು ಬಿಚ್ಚಿದಳು.

"ಅವರು ನಕ್ರೆ ಏನಾಗತ್ತೆ?" ಎಂದಳು ರಾಗ್ನಾ.

"ನಿಂಗೊತ್ತಾಗಲ್ಲ. ಒಂದು ಸಲ ನಕ್ರೆ ಮುಗೀತು, ಸಾಯೋ ತನಕ ಅದೇ ಹೆಸ್ರು."

"ನನ್ ಕಾಲು ನೋಡು."

ಅವನು ನೋಡಿದ. ನಿಜವಾಗಿಯೂ ನೋಡಿದ. ಆಮೇಲೆ ಮೇಲಿನ ಸಾಲನ್ನು ನೋಡಿದ. "ಇನ್ನೈದು ನಿಮಿಷ," ಎಂದ.

ಕಾಲು ಗಂಟೆಯಾಯಿತು. ರಾಗ್ನಾ ಬಾಗಿಲು ತೆರೆದು ಕೆಸರಿಗೆ ಕಾಲಿಟ್ಟಳು. ನಾನು ಮಗುವನ್ನು ಎತ್ತಿಕೊಂಡೆ. ಅವಳು ದೊಡ್ಡವಳ ಹೆಗಲ ಮೇಲೆ ಒಂದು ಕೈ, ಬೇಲಿಯ ಮೇಲೆ ಒಂದು ಕೈ ಇಟ್ಟು ಹತ್ತತೊಡಗಿದಳು. ಮೂರು ಕಡೆ ನಿಂತಳು. ಮೂರನೆಯ ಸಲ ನಿಂತಾಗ ಮೇಲಿನವರ ಮುಖದ ನಗು ಪೂರ್ತಿ ಮಾಸಿತ್ತು. ನಾವು ಹತ್ತಿರ ಬರುವಷ್ಟರಲ್ಲಿ ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದು, ಈಗಷ್ಟೇ ಗಂಟೆ ಕೇಳಿಸಿದವರ ಹಾಗೆ ಒಳಗೆ ಸರಿದರು. ಎಂಡ್ರೆ ಎಲ್ಲರಿಗಿಂತ ಮೊದಲೇ ಹೋಗಿದ್ದ.

ಮಗುವಿನ ತಲೆಯ ಮೇಲೆ ನೀರು ಬಿತ್ತು. ಎರಡನೆಯ ಕೀರ್ತನೆಯ ನಡುವೆ ಹೊರಗೆ ಇಂಜಿನ್ನಿನ ಸದ್ದು ಕೇಳಿಸಿತು. ಎಲ್ಲೂ ಕೆಮ್ಮಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಹಿಮ್ಮುಖವಾಗಿ, ನೋಡುವವರಿಲ್ಲದ ದಿಬ್ಬವನ್ನು ಹತ್ತಿ ಬಂದು ಬಾಗಿಲ ಎದುರೇ ನಿಂತಿತು. ಟೋಸ್ಟೆನ್ ತುದಿಗಾಲಲ್ಲಿ ಒಳಗೆ ಬಂದು ಗಂಡಸರ ಬದಿಯಲ್ಲಿ, ನಮ್ಮ ಸಾಲಿಗೆ ಸರಿಯಾಗಿ ಕೂತ. ನಡುವಿನ ದಾರಿಯತ್ತ ಬಾಗಿ ಪಿಸುಗುಟ್ಟಿದ:

"ನೋಡಿದ್ಯಾ? ಬಾಗಿಲಿಗೇ ತಂದೆ."

"ಯಾರನ್ನ?" ಎಂದಳು ರಾಗ್ನಾ, ಕೀರ್ತನೆಯ ಪುಸ್ತಕದಿಂದ ಕಣ್ಣೆತ್ತದೆ.

ಅವಳು ನಾಲ್ಕನೆಯ ಸಲವೂ ನಡೆದೇ ಬಂದಿದ್ದಳು. ಟೋಸ್ಟೆನ್ ಕೊಟ್ಟ ಮಾತು ನಡೆಯಲಿಲ್ಲ.